ಪುಕ್ಕಟೆ ಊಟಕ್ಕೂ ಬಸುರಿಯರು ಯಾಕೆ ಬರಲಿಲ್ಲ?

ನೀವು ಕೇಳಿದ್ದು ಇದು: "ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ ಓದ್ತಿದ್ದೀನಿ. ಸಮುದಾಯ ಸೇವೆ ಪಡೆಯುವವರ ಮೇಲೆ ಸಾಮಾಜಿಕ, ಸಾಂಸ್ಕೃತಿಕ ಅಂಶಗಳು ಪರಿಣಾಮ ಬೀರುತ್ತವೆ ಅಂತ ನೋಟ್ಸ್ ಕೊಟ್ಟಿದ್ದಾರೆ. ಊರಲ್ಲಿ ಅದು ನಿಜವಾಗಿ ಹೇಗೆ ಕಾಣುತ್ತೆ? ಕೆಲಸ ಮಾಡಿದವರು ಯಾರಾದರೂ ಹೇಳ್ತೀರಾ?"

ನಾನು ತುಮಕೂರು ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ನನ್ನ ವಲಯದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಕೇಂದ್ರಗಳಿದ್ದವು. ಎಲ್ಲ ಸೇವೆಗಳ ಬಗ್ಗೆ ಹೇಳಲು ಹೋದರೆ ನನ್ನದೂ ನಿಮ್ಮ ನೋಟ್ಸ್ ಥರವೇ ಆಗುತ್ತದೆ. ಅದಕ್ಕೆ ಒಂದೇ ಒಂದು ಊಟದ ಕಥೆ ಹೇಳುತ್ತೇನೆ.

2017ರ ಅಕ್ಟೋಬರ್ 2ರಂದು ರಾಜ್ಯದ ಎಲ್ಲ ಕಡೆ ಮಾತೃಪೂರ್ಣ ಯೋಜನೆ ಶುರುವಾಯಿತು. ಅದಕ್ಕೆ ಮುಂಚೆ ಬಸುರಿ, ಬಾಣಂತಿಯರಿಗೆ ಪಡಿಯನ್ನು ಮನೆಗೇ ಕೊಟ್ಟು ಕಳಿಸುತ್ತಿದ್ದೆವು. ಮನೆಗೆ ಹೋದ ಮೇಲೆ ಅದು ಎಲ್ಲರ ಪಾತ್ರೆಗೆ ಬೀಳುತ್ತಿತ್ತು. ಬಸುರಿಯ ಪಾಲಿಗೆ ಎಷ್ಟು ಬಂತೋ ದೇವರೇ ಬಲ್ಲ. ಹೊಸ ಯೋಜನೆಯಲ್ಲಿ ಅವಳೇ ಕೇಂದ್ರಕ್ಕೆ ಬರಬೇಕು, ಅಲ್ಲೇ ಕೂತು ಉಣ್ಣಬೇಕು. ಅನ್ನ, ಸೊಪ್ಪು-ತರಕಾರಿ ಹಾಕಿದ ಸಾರು, ಮೊಟ್ಟೆ, 200 ಮಿಲಿ ಹಾಲು, ಕಡಲೆಬೀಜದ ಚಿಕ್ಕಿ. ತಿಂಗಳಿಗೆ 25 ದಿನ, ಹೆರಿಗೆಯಾದ ಮೇಲೂ ಆರು ತಿಂಗಳು. ಯೋಚನೆಯಲ್ಲಿ ತಪ್ಪು ಹುಡುಕುವುದು ಕಷ್ಟ, ಅಲ್ವಾ?

ಮೊದಲ ತಿಂಗಳು ಒಂದು ಕೇಂದ್ರದಲ್ಲಿ ಆಯಮ್ಮ (ಅಂಗನವಾಡಿ ಸಹಾಯಕಿ) ಹನ್ನೆರಡು ಜನಕ್ಕೆ ಬೇಯಿಸಿದರೆ ನಾಲ್ಕು ಜನ ಬರುತ್ತಿದ್ದರು. ನಾನು ವರದಿಯಲ್ಲಿ "ಅರಿವಿನ ಕೊರತೆ" ಎಂದು ಬರೆದೆ. ವರದಿ ಬರೆಯುವವರಿಗೆ ಇದು ಬಹಳ ಅನುಕೂಲದ ಮಾತು. ತಪ್ಪೆಲ್ಲ ಬಾರದವರ ತಲೆಯ ಮೇಲೆ ಹೋಗುತ್ತದೆ.

ಆಮೇಲೆ ಮನೆ ಭೇಟಿಗೆ ಹೋದೆ. ಏಳು ತಿಂಗಳ ಬಸುರಿ, ಎರಡನೇ ಮಗು. ಅತ್ತೆ ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ಸೊಸೆ ಪಕ್ಕದಲ್ಲೇ ನಾರು ಬಿಡಿಸುತ್ತಿದ್ದಳು. "ಯಾಕಮ್ಮ, ಸೊಸೇನ ಊಟಕ್ಕೆ ಕಳಿಸ್ತಿಲ್ಲ?" ಎಂದೆ. ಅತ್ತೆ ಕೈ ನಿಲ್ಲಿಸಲಿಲ್ಲ. "ನಮ್ಮನೇಲಿ ಅನ್ನಕ್ಕೆ ಗತಿ ಇಲ್ಲ ಅಂತ ಊರಿಗೆಲ್ಲ ಸಾರಬೇಕಾ ಮೇಡಂ? ತಟ್ಟೆ ಹಿಡ್ಕೊಂಡು ಬೀದೀಲಿ ಹೋದ್ರೆ ನೋಡಿದೋರು ಏನಂತಾರೆ?" ಎಂದರು.

ಆಗ ಕೇಂದ್ರದಲ್ಲಿ ತಟ್ಟೆ ಸಾಕಾಗುತ್ತಿರಲಿಲ್ಲ. ತಟ್ಟೆ, ಲೋಟ ಮನೆಯಿಂದ ತನ್ನಿ ಎಂದು ನಾವೇ ಹೇಳಿದ್ದೆವು. ನಮಗೆ ಅದು ತಟ್ಟೆಯಾಗಿತ್ತು, ಆ ಅತ್ತೆಗೆ ಅದು ಭಿಕ್ಷೆಯ ಪಾತ್ರೆಯಾಗಿ ಕಂಡಿತ್ತು. ಅವರಿಗೆ ಅರಿವಿನ ಕೊರತೆ ಏನೂ ಇರಲಿಲ್ಲ. ಬಸುರಿಗೆ ಮೊಟ್ಟೆ, ಹಾಲು ಬೇಕು ಎನ್ನುವುದು ನನ್ನಷ್ಟೇ ಅವರಿಗೂ ಗೊತ್ತಿತ್ತು. ಮರ್ಯಾದೆಯ ಲೆಕ್ಕ ಗೊತ್ತಿಲ್ಲದೆ ಇದ್ದದ್ದು ನನಗೆ.

ಇನ್ನೊಂದು ಸಂಗತಿ ಗಮನಕ್ಕೆ ಬರಲು ನನಗೆ ವರ್ಷವೇ ಹಿಡಿಯಿತು. ತವರಿಗೆ ಬಂದ ಬಸುರಿಯರು ಆರಾಮಾಗಿ ಕೇಂದ್ರಕ್ಕೆ ಬರುತ್ತಿದ್ದರು, ಗೆಳತಿಯರ ಜೊತೆ ನಗುತ್ತಾ ಕೂತು ಉಣ್ಣುತ್ತಿದ್ದರು. ಅದೇ ಹುಡುಗಿ ಗಂಡನ ಊರಿನಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ಮಗಳಾಗಿ ಬರುತ್ತಾಳೆ, ಸೊಸೆಯಾಗಿ ಬರುವುದಿಲ್ಲ. ಗಂಡ, ಮಾವ ಹೊಲದಲ್ಲಿರುವಾಗ ಸೊಸೆ ಮೊದಲು ಹೋಗಿ ಉಂಡು ಬರುವುದು ಎಲ್ಲಾದರೂ ಉಂಟೇ? ಆದರೆ ತಾಯಿ ಕಾರ್ಡ್ (ಬಸುರಿಯ ತಪಾಸಣೆಯ ವಿವರ ಬರೆಯುವ ಕಾರ್ಡ್) ಆಗುವುದು, ಹೆಸರು ಬರೆಸುವುದು ಸಾಮಾನ್ಯವಾಗಿ ಗಂಡನ ಊರಿನಲ್ಲೇ. ಚೊಚ್ಚಲ ಹೆರಿಗೆ ಅಂದರೆ ಏಳನೇ ತಿಂಗಳು ಸೀಮಂತ ಮುಗಿಸಿ ತವರಿಗೆ ಹೋಗುತ್ತಾಳೆ. ವಾಪಸ್ ಬರುವುದು ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ. ಅಂದರೆ ಊಟ ಬಹಳ ಬೇಕಾದ ಐದಾರು ತಿಂಗಳು ಅವಳು ಇರುವುದು ಒಂದೂರಲ್ಲಿ, ಹೆಸರು ಇರುವುದು ಇನ್ನೊಂದೂರಲ್ಲಿ. ಒಳ್ಳೆ ಟೀಚರ್ ಇದ್ದರೆ (ಊರಲ್ಲಿ ಅಂಗನವಾಡಿ ಕಾರ್ಯಕರ್ತೆಯನ್ನು ಎಲ್ಲರೂ ಕರೆಯುವುದು ಹಾಗೇ) ಹೇಗೋ ಹೊಂದಿಸಿ ಊಟ ಹಾಕುತ್ತಿದ್ದರು. ಇಲ್ಲದಿದ್ದರೆ "ನಿಮ್ಮ ಹೆಸರು ಇಲ್ಲಿಲ್ಲ" ಅಷ್ಟೇ.

ಬಾಣಂತಿಯರ ವಿಷಯಕ್ಕೆ ಬಂದರೆ ಯೋಜನೆ ಪೂರ್ತಿ ಎಡವಿತ್ತು. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿರುವವಳು ನಡುಮಧ್ಯಾಹ್ನ ಹಸುಗೂಸು ಎತ್ತಿಕೊಂಡು ನಡೆದು ಬರಬೇಕಂತೆ. "ಈ ರೂಲ್ಸ್ ಬರೆದೋರ ಮನೇಲಿ ಯಾರೂ ಹೆತ್ತೇ ಇಲ್ವಾ ಮೇಡಂ?" ಎಂದು ಒಬ್ಬ ಟೀಚರ್ ಕೇಳಿದ್ದರು. ಹನ್ನೊಂದು ದಿನ ಪುರುಡು, ಅಂದರೆ ಹೆರಿಗೆಯ ಮೈಲಿಗೆ. ಒಂದು ಊರಲ್ಲಿ ಕೇಂದ್ರ ನಡೆಯುತ್ತಿದ್ದದ್ದೇ ದೇವಸ್ಥಾನದ ಪಕ್ಕದ ಕೋಣೆಯಲ್ಲಿ, ಆ ಅಂಗಳಕ್ಕೆ ಪುರುಡು ಇರುವವಳು ಕಾಲಿಡುವಂತಿಲ್ಲ. ಪುರುಡು ಕಳೆದರೂ ಬದನೆಕಾಯಿ, ಕುಂಬಳಕಾಯಿ ನಂಜು. ಮೆಣಸಿನ ಸಾರು, ಅನ್ನ, ಬೆಳ್ಳುಳ್ಳಿ ಬಿಟ್ಟು ಬೇರೆ ಏನೂ ಇಲ್ಲ. ಕೆಲವು ಮನೆಗಳಲ್ಲಿ ನೀರನ್ನೂ ಅಳೆದು ಕೊಡುತ್ತಾರೆ.

ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಕಡೆ ಸೊಸೆಗೆ ಸಿಗುವ ಒಂದೇ ರಜೆ ಬಾಣಂತನ. ಆ ಮೂರು ತಿಂಗಳು ಸಗಣಿ ಬಾಚುವಂತಿಲ್ಲ, ನೀರು ಹೊರುವಂತಿಲ್ಲ, ಮೈಗೆ ಎಣ್ಣೆ ತಿಕ್ಕಿ ನೀರು ಹಾಕುವವರು ಇರುತ್ತಾರೆ. "ಕೇಂದ್ರದವರೆಗೂ ನಡೆದು ಹೋಗ್ತಾಳಲ್ಲ, ಬಾವಿವರೆಗೂ ಹೋಗಲಿ ಬಿಡಿ" ಎಂಬ ಮಾತು ಬಂದುಬಿಟ್ಟರೆ ಆ ರಜೆ ಹೋಯಿತು. ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಹಾಗಂತ ಎಲ್ಲ ಪದ್ಧತಿಗೂ ಹೂಗುಟ್ಟಲು ಆಗುವುದಿಲ್ಲ. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ (ಕಾಡುಗೊಲ್ಲ ಸಮುದಾಯದವರ ಹಟ್ಟಿಗಳು) ಮೈಲಿಗೆ ಎಂದು ಬಾಣಂತಿ, ಮಗು ಇಬ್ಬರನ್ನೂ ಹಟ್ಟಿಯ ಆಚೆ ಗುಡಿಸಲಲ್ಲಿ ಇಡುವುದುಂಟು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನಲ್ಲಿ ಹಾಗೆ ಮಳೆ-ಚಳಿಯಲ್ಲಿದ್ದ ಹಸುಗೂಸು ತೀರಿಕೊಂಡಿತು. ಮೂಢನಂಬಿಕೆ ವಿರುದ್ಧದ ರಾಜ್ಯದ 2017ರ ಕಾಯ್ದೆಯಲ್ಲಿ ಹೀಗೆ ಹೊರಗಿಡುವುದು ಅಪರಾಧ. ಕಾಯ್ದೆ 2020ರಿಂದ ಜಾರಿಯಲ್ಲಿದೆ. ಆದರೆ ಹಟ್ಟಿಯ ಹೆಂಗಸರಿಗೆ ಪೊಲೀಸರ ಹೆದರಿಕೆಗಿಂತ ದೇವರ ಹೆದರಿಕೆ ಜಾಸ್ತಿ. ಒಳಗೆ ಕರೆದುಕೊಂಡು ಆಮೇಲೆ ಮನೆಯಲ್ಲಿ ಒಂದು ಕರು ಸತ್ತರೂ ಅದು ಬಾಣಂತಿಯ ತಲೆಗೇ ಬರುತ್ತದೆ.

ಜಾತಿಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಒಂದು ಕೇಂದ್ರದಲ್ಲಿ ಅಡುಗೆ ಮಾಡುವ ಆಯಮ್ಮ ದಲಿತರು. ಮೇಲಿನ ಬೀದಿಯ ಎಂಟು ಬಸುರಿಯರಿಗೂ ಏನೋ ಒಂದು "ಪಥ್ಯ". ಒಬ್ಬಳಿಗೆ ಸಾರು ಆಗುವುದಿಲ್ಲ, ಇನ್ನೊಬ್ಬಳಿಗೆ ಹೊರಗಿನ ಊಟ ಅಂದರೆ ವಾಂತಿ. ಒಮ್ಮೆ ಆಯಮ್ಮ ಮಗಳ ಮದುವೆಗೆಂದು ಒಂದು ವಾರ ರಜೆ ಹಾಕಿದರು. ಬೇರೆ ಜಾತಿಯ ಹೆಂಗಸು ಬಂದು ಅಡುಗೆ ಮಾಡಿದರು. ಆ ವಾರ ಎಂಟೂ ಜನರ ಪಥ್ಯ ಒಟ್ಟಿಗೇ ಮುಗಿದುಹೋಯಿತು! ಸೋಮವಾರ ಆಯಮ್ಮ ವಾಪಸ್ ಬಂದರು, ಪಥ್ಯವೂ ವಾಪಸ್ ಬಂತು. ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. "ಗೈರು" ಎಂದು ಬರೆದುಕೊಂಡೆ. ಆಯಮ್ಮನನ್ನು ಬದಲಾಯಿಸಿ ಎಂಬ ಒತ್ತಡಕ್ಕೆ ನಾನು ಬಗ್ಗಲಿಲ್ಲ, ಅಷ್ಟೇ ನನ್ನ ಸಾಧನೆ. ಟೀಚರ್ ಅದೇ ಬೀದಿಯವರು. ದಿನಾ ಎಲ್ಲರ ಎದುರಿಗೆ ಅದೇ ಊಟ ಬಡಿಸಿಕೊಂಡು ಉಣ್ಣಲು ಶುರುಮಾಡಿದರು. ಕೆಲವು ತಿಂಗಳಲ್ಲಿ ಐದು ಜನ ಬಂದರು. ಮೂವರು ಕೊನೆಗೂ ಬರಲಿಲ್ಲ.

ಇನ್ನು ಬಂದವರ ಕಥೆ. ಈ ಊಟ ಮನೆಯ ಊಟದ ಜೊತೆಗೆ ಹೆಚ್ಚಿಗೆ ಸಿಗಲಿ ಎಂದು ನಾವು ಅಂದುಕೊಂಡಿದ್ದೆವು. ಆದರೆ "ಅಂಗನವಾಡೀಲಿ ಉಂಡು ಬಂದ್ಯಲ್ಲ" ಎಂದು ಮನೆಯಲ್ಲಿ ಅವಳ ಪಾಲಿನ ಮುದ್ದೆಯೇ ನಿಂತುಹೋಗುತ್ತಿತ್ತು. ಒಬ್ಬಳು ಮೊಟ್ಟೆಯನ್ನು ಅರ್ಧ ಮುರಿದು ಬಿಳಿ ಭಾಗ ತಿನ್ನುತ್ತಿದ್ದಳು, ಹಳದಿಯನ್ನು ಚಿಕ್ಕಿಯ ಕಾಗದದಲ್ಲಿ ಸುತ್ತಿ ಸೆರಗಿಗೆ ಗಂಟು ಹಾಕುತ್ತಿದ್ದಳು. ಮನೆಯಲ್ಲಿ ಎರಡು ವರ್ಷದ ಮಗು ಇತ್ತು. ಅದನ್ನು ಬೈಯುವುದು ನನ್ನ ಕೆಲಸ. ಬೈಯಲಿಲ್ಲ.

ಕಬ್ಬಿಣದ ಮಾತ್ರೆಯದೂ ಇದೇ ಹಾಡು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಜನಕ್ಕೆ ರಕ್ತಹೀನತೆ. ಬಸುರಿಯಿದ್ದಾಗ ದಿನಕ್ಕೊಂದರಂತೆ 180 ಮಾತ್ರೆ ನುಂಗಬೇಕು. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಮಲಬದ್ಧತೆ ಬರುತ್ತದೆ. ಮಗುವೂ ಕಪ್ಪಾಗುತ್ತದೆ ಎನ್ನುವುದು ಹೊಸ ಸೊಸೆಗೆ ಸಾಕಷ್ಟು ದೊಡ್ಡ ಹೆದರಿಕೆ. ಶೌಚಕ್ಕೆ ಕತ್ತಲಾಗುವವರೆಗೆ ಕಾಯಬೇಕಾದ ಮನೆಯಲ್ಲಿ ಮಲಬದ್ಧತೆ ಸಣ್ಣ ಕಷ್ಟವೂ ಅಲ್ಲ.

2018ರಲ್ಲಿ ಕೇಂದ್ರ ಸರ್ಕಾರದ ಪೌಷ್ಟಿಕತೆ ಕಾರ್ಯಕ್ರಮ ಪೋಷಣ್ ಅಭಿಯಾನ ಬಂದ ಮೇಲೆ ಅಂಗನವಾಡಿ ಕೇಂದ್ರದಲ್ಲೇ ಸೀಮಂತ ಮಾಡಿ ಎಂದರು. ಇದು ಚೆನ್ನಾಗಿ ಕೆಲಸ ಮಾಡಿತು. ಹಸಿರು ಬಳೆ, ಹೂವು, ಮಡಿಲು ತುಂಬಲು ಅಕ್ಕಿ, ಬೆಲ್ಲ, ಕೊಬ್ಬರಿ. ಊಟಕ್ಕೆ ಕಳಿಸದ ಅತ್ತೆಯರೂ ಒಳ್ಳೆ ಸೀರೆ ಉಟ್ಟುಕೊಂಡು ಬಂದರು. ಅದೇ ಅನ್ನ, ಅದೇ ಸಾರು, ಆದರೆ ಅವತ್ತು ಅದು ಬಸುರಿ ಊಟ, ಯಾರಿಗೂ ನಾಚಿಕೆ ಇಲ್ಲ. ನಾನು ಬಹಳ ಖುಷಿಯಲ್ಲಿ ಫೋಟೊ ತೆಗೆಯುತ್ತಿದ್ದೆ. ಆಯಮ್ಮ ಕಾಣಲಿಲ್ಲ. ಹುಡುಕಿದರೆ ಅಡುಗೆ ಕೋಣೆಯ ಬಾಗಿಲ ಹಿಂದೆ ನಿಂತಿದ್ದರು. ಅವರ ಗಂಡ ತೀರಿಕೊಂಡು ಆರು ವರ್ಷ. "ನಾನು ಈಚೆ ಬಂದ್ರೆ ಚೆನ್ನಾಗಿರಲ್ಲ, ಶುಭಕಾರ್ಯ" ಎಂದರು. ವರ್ಷವಿಡೀ ಆ ಬಸುರಿಯರಿಗೆ ಬೇಯಿಸಿ ಹಾಕುವವರು ಅವರು. ಮುಂದಿನ ಸಲದಿಂದ ಅರಿಶಿನ-ಕುಂಕುಮ ಮೊದಲು ಅವರ ಕೈಯಿಂದಲೇ ಕೊಡಿಸೋಣ ಎಂದೆ. ಅವರೇ ಬೇಡ ಎಂದರು. ಒತ್ತಾಯ ಮಾಡಬೇಕಿತ್ತಾ, ಸುಮ್ನೆ ಇದ್ದದ್ದು ಸರಿಯಾ ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

2020ರಲ್ಲಿ ಕೊರೊನಾ ಬಂದು ಪಡಿ ಮತ್ತೆ ಮನೆಗೇ ಹೋಯಿತು. ರಿಜಿಸ್ಟರ್ ತುಂಬಿತು, ಗೈರು ಯಾರೂ ಇಲ್ಲ. ಯಾರ ಹೊಟ್ಟೆ ತುಂಬಿತು ಎಂದು ಕೇಳುವವರೂ ಇಲ್ಲ.

ನೀವು ಫೀಲ್ಡ್ ವರ್ಕ್‌ಗೆ ಹೋದಾಗ ಪ್ರಶ್ನಾವಳಿ ಚೀಲದಲ್ಲೇ ಇರಲಿ. ಊಟದ ಹೊತ್ತಿಗೆ ಹೋಗಿ ಕೂತುಕೊಳ್ಳಿ. ಯಾರು ಯಾವ ದಾರಿಯಲ್ಲಿ ಬರುತ್ತಾರೆ, ಯಾರ ಪಕ್ಕ ಕೂರುತ್ತಾರೆ, ಸೆರಗಿಗೆ ಏನು ಗಂಟು ಬೀಳುತ್ತದೆ ನೋಡಿ. "ಯಾಕೆ ಬರಲ್ಲ?" ಎಂದು ನೇರವಾಗಿ ಕೇಳಿದರೆ ನಿಮಗೂ ಪಥ್ಯದ ಉತ್ತರವೇ ಸಿಗುತ್ತದೆ.

ಆ ಹುಣಸೆಹಣ್ಣಿನ ಮನೆಯ ಸೊಸೆ ಏನಾದಳು ಎಂದು ಕೇಳುತ್ತೀರೇನೋ. ದಾರಿ ಹುಡುಕಿದ್ದು ನಾನಲ್ಲ, ಅಲ್ಲಿನ ಟೀಚರ್. ದಾನಿಗಳೊಬ್ಬರಿಂದ ಒಂದು ಡಜನ್ ಸ್ಟೀಲ್ ತಟ್ಟೆ ಕೊಡಿಸಿಕೊಂಡು ಕೇಂದ್ರದಲ್ಲೇ ಇಟ್ಟರು. ಆಮೇಲೆ ಆ ಮನೆಗೆ ಹೋಗಿ, ಊಟದ ಸುದ್ದಿಯನ್ನೇ ಎತ್ತದೆ, "ತೂಕ ಕಮ್ಮಿ ಇದೆ, ದಿನಾ ಒಂದು ಗಳಿಗೆ ಕಳಿಸಿ, ತೂಕ ನೋಡಬೇಕು" ಎಂದರಂತೆ. ದಿನಾ ಯಾರಾದರೂ ತೂಕ ನೋಡುತ್ತಾರಾ? ಅತ್ತೆಗೆ ಅಷ್ಟು ತಿಳಿಯದೇ ಇರಲು ಸಾಧ್ಯವೇ ಇಲ್ಲ. ಆದರೂ ಮಾರನೇ ದಿನದಿಂದ ಸೊಸೆ ಬರಿಗೈಯಲ್ಲಿ ಬರತೊಡಗಿದಳು. ಒಂದು ದಿನ ನಾನು ಕೇಂದ್ರದಲ್ಲಿದ್ದಾಗ ಅತ್ತೆಯೇ ಜೊತೆಗೆ ಬಂದರು. ಬಾಗಿಲಲ್ಲೇ ನಿಂತು ಒಳಗೆ ಒಮ್ಮೆ ನೋಡಿದರು. "ಟೀಚರ್, ಇವತ್ತು ಸಂತೆಗೆ ಹೋಗಬೇಕು. ಇವಳ ತೂಕ ಸ್ವಲ್ಪ ಬೇಗ ನೋಡಿಬಿಡಿ" ಎಂದರು. ಟೀಚರ್ ನಗು ತಡೆದುಕೊಂಡು ತಟ್ಟೆ ಹಾಕಿದರು.