ದುಡ್ಡು ಕಟ್ಟಿದರೂ ಮ್ಯಾಚ್ ಯಾಕೆ ಬರಲಿಲ್ಲ?

ಪತ್ರ: ಪಿಯುಸಿ ಓದುವ ನನ್ನ ಮಗನಿಗೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ ಅಂದರೆ ಪ್ರಾಣ. ಕ್ಲಬ್ಬಿನದೇ ಟಿವಿ ಚಾನೆಲ್ ಇದೆ, ಫೋನಿನಲ್ಲೇ ನೋಡಬಹುದು ಎಂದು ಹಟ ಹಿಡಿದು ಇಡೀ ವರ್ಷದ ಚಂದಾ ಕಟ್ಟಿಸಿಕೊಂಡ. ಭಾನುವಾರ ಮ್ಯಾಚ್ ಹೊತ್ತಿಗೆ ಹಾಕಿದರೆ ಸ್ಟುಡಿಯೋದಲ್ಲಿ ಕೂತವರು ಮಾತಾಡುತ್ತಿದ್ದಾರೆ, ಆಟವೇ ಕಾಣುತ್ತಿಲ್ಲ. ಸ್ವಂತ ಚಾನೆಲ್‌ನಲ್ಲೇ ಸ್ವಂತ ಮ್ಯಾಚ್ ಇಲ್ಲ ಅಂದರೆ ಇದು ಮೋಸ ಅಲ್ವಾ? ನಾಳೆ ನಮ್ಮ ಬೆಂಗಳೂರು ಎಫ್‌ಸಿ ಚಾನೆಲ್ ಮಾಡಿದರೂ ಹೀಗೇನಾ?
– ಓದುಗರೊಬ್ಬರು, ಹೊಸಪೇಟೆ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಇದನ್ನು ಮೋಸ ಅನ್ನಲಾರೆ. ಲೀಗ್ ಮ್ಯಾಚ್ ನೇರವಾಗಿ ಬರುವುದಿಲ್ಲ ಅನ್ನುವ ಮಾತನ್ನು ದುಡ್ಡು ತಗೊಳ್ಳುವ ಮೊದಲೇ ದಪ್ಪ ಅಕ್ಷರದಲ್ಲಿ ಹೇಳಬೇಕಿತ್ತು. ಹೇಳದಿದ್ದರೆ ಅದು ತಪ್ಪು. ಆದರೆ ಮ್ಯಾಚ್ ಯಾಕೆ ಬರಲಿಲ್ಲ ಅನ್ನುವುದಕ್ಕೆ ಒಳ್ಳೆಯ ಕಾರಣವೇ ಇದೆ.

ಕ್ಲಬ್ಬಿನ ಆಟ ಕ್ಲಬ್ಬಿನದೇ, ಆದರೆ ಅದನ್ನು ಟಿವಿಗೆ ಮಾರುವ ಹಕ್ಕು ಕ್ಲಬ್ಬಿಗಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1992ರಲ್ಲಿ ಶುರುವಾದಾಗಿನಿಂದ ನೇರ ಪ್ರಸಾರದ ಹಕ್ಕನ್ನು ಎಲ್ಲ ಕ್ಲಬ್‌ಗಳ ಪರವಾಗಿ ಲೀಗೇ ಮಾರುತ್ತದೆ. ಈಗ 20 ಕ್ಲಬ್, ವರ್ಷಕ್ಕೆ 380 ಮ್ಯಾಚ್. ಒಟ್ಟು ಕುಟುಂಬದ ಕಣ ಇದ್ದ ಹಾಗೆ. ಯಾರ ಹೊಲದಲ್ಲಿ ಎಷ್ಟೇ ಬೆಳೆದರೂ ರಾಶಿ ಬೀಳುವುದು ಒಂದೇ ಕಣದಲ್ಲಿ, ಆಮೇಲೆ ಹಂಚಿಕೆ. ಇಂಗ್ಲೆಂಡಿನೊಳಗಿನ ಪ್ರಸಾರದಿಂದ ಬರುವ ಹಣದಲ್ಲಿ ಅರ್ಧ ಎಲ್ಲರಿಗೂ ಸಮಪಾಲು. ಉಳಿದರ್ಧ ಪಟ್ಟಿಯಲ್ಲಿ ಯಾರು ಎಷ್ಟನೇ ಸ್ಥಾನ, ಯಾರ ಮ್ಯಾಚ್ ಎಷ್ಟು ಸಲ ಟಿವಿಯಲ್ಲಿ ಬಂತು ಅನ್ನುವುದರ ಮೇಲೆ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಸ್ಟೇಡಿಯಂನಲ್ಲಿ 74 ಸಾವಿರ ಜನ ಕೂರುತ್ತಾರೆ. ಅದೇ ಲೀಗ್‌ನಲ್ಲಿ ಆಡಿದ ಬೋರ್ನ್‌ಮತ್ ಎಷ್ಟೋ ವರ್ಷ ಹನ್ನೊಂದು ಸಾವಿರ ಚಿಲ್ಲರೆ ಸೀಟಿನಲ್ಲೇ ನಡೆಸಿಕೊಂಡು ಬಂತು. ಯುನೈಟೆಡ್ ತನ್ನ ಮ್ಯಾಚ್‌ಗಳನ್ನು ತಾನೇ ಜಗತ್ತಿಗೆಲ್ಲ ಮಾರಿಕೊಂಡರೆ ಬೋರ್ನ್‌ಮತ್‌ನಂಥವರ ಗತಿ? ಸ್ಪೇನ್‌ನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಅಲ್ಲಿ ಕ್ಲಬ್‌ಗಳು ಬೇರೆಬೇರೆಯಾಗಿ ಮಾರಿಕೊಳ್ಳುತ್ತಿದ್ದಾಗ ಸಿಂಹಪಾಲು ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಕ್ಕೆ ಹೋಗುತ್ತಿತ್ತು. ಕೊನೆಗೆ 2015ರಲ್ಲಿ ಸರಕಾರವೇ ಕಾನೂನು ತಂದು ಎಲ್ಲರೂ ಒಟ್ಟಾಗಿ ಮಾರುವಂತೆ ಮಾಡಬೇಕಾಯಿತು. ನಿಮ್ಮ ಮಗನಿಗೆ ಆ ಭಾನುವಾರ ಮ್ಯಾಚ್ ಸಿಗದೇ ಹೋದದ್ದು ಇಂಥ ಏರ್ಪಾಡಿನಿಂದ. ನಾನಂತೂ ಈ ಏರ್ಪಾಡಿನ ಪರ.

ಹಾಗಾದರೆ ಚಾನೆಲ್ ಯಾತಕ್ಕೆ? ಯುನೈಟೆಡ್ 1998ರಲ್ಲಿ ಎಂಯುಟಿವಿ ಶುರು ಮಾಡಿದಾಗ ಕ್ಲಬ್ ಜೊತೆಗೆ ಗ್ರನಾಡಾ ಮತ್ತು ಬಿಸ್ಕೈಬಿ ಎಂಬ ಎರಡು ಟಿವಿ ಕಂಪನಿಗಳೂ ಸಮಪಾಲು ಹಾಕಿದ್ದವು. ಲೀಗ್ ಮ್ಯಾಚ್ ನೇರವಾಗಿ ತೋರಿಸುವ ಹಾಗಿಲ್ಲ ಅಂತ ಮೂವರಿಗೂ ಗೊತ್ತಿತ್ತು. ಅವರು ಮಾರಲು ಹೊರಟದ್ದು ಉಳಿದ ಆರು ದಿನವನ್ನು. ಹುಡುಗರ ತಂಡದ ಆಟ, ಹಳೇ ಮ್ಯಾಚ್‌ಗಳು, ಮೈದಾನದ ಹೊರಗಿನ ಮಾತುಕತೆ. ಬೇರೆ ಯಾರೂ ಕ್ಯಾಮೆರಾ ಇಡದ ಕಡೆ ಕ್ಲಬ್ ಕ್ಯಾಮೆರಾ ಇಡುತ್ತದೆ. ನಾಳೆ ದೊಡ್ಡವನಾಗುವ ಹದಿನೇಳರ ಹುಡುಗನನ್ನು ಖಾಲಿ ಗ್ಯಾಲರಿಯ ಮುಂದೆ ಇವತ್ತೇ ನೋಡುವ ಸುಖ ಸಣ್ಣದಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದವೂ ಇದೆ. ಪೋರ್ಚುಗಲ್‌ನಲ್ಲಿ ಆಗ ಕ್ಲಬ್‌ಗಳು ತಮ್ಮ ತಮ್ಮ ಹಕ್ಕನ್ನು ತಾವೇ ಮಾರಬಹುದಿತ್ತು. ಲಿಸ್ಬನ್ನಿನ ಬೆನ್‌ಫಿಕಾ 2013ರಲ್ಲಿ ಯಾರಿಗೂ ಮಾರದೆ, ತವರಿನ ಲೀಗ್ ಮ್ಯಾಚ್‌ಗಳನ್ನೆಲ್ಲ ತನ್ನ ಚಾನೆಲ್‌ನಲ್ಲೇ ಹಾಕಿತು. ಚಾನೆಲ್‌ಗೆ ತಿಂಗಳ ಚಂದಾ ಇಟ್ಟಿತು. ಸಾಲದು ಅಂತ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಪೋರ್ಚುಗಲ್ ಹಕ್ಕನ್ನೂ ಮೂರು ಸೀಸನ್‌ಗೆ ಕೊಂಡುಕೊಂಡಿತು. ಜನ ದುಡ್ಡು ಕೊಟ್ಟು ನೋಡಿದರು. ಹಾಗಿದ್ದೂ 2015ರ ಡಿಸೆಂಬರ್‌ನಲ್ಲಿ ಬೆನ್‌ಫಿಕಾ ನೋಸ್ ಎಂಬ ಕಂಪನಿ ಜೊತೆ ಗರಿಷ್ಠ ಹತ್ತು ವರ್ಷಕ್ಕೆ 400 ಮಿಲಿಯನ್ ಯೂರೋ ಒಪ್ಪಂದ ಮಾಡಿಕೊಂಡಿತು. ತಾನೇ ಅಂಗಡಿ ಇಟ್ಟು ನಡೆಸಿ, ತನ್ನ ಸರಕಿಗೆ ಎಷ್ಟು ಬೆಲೆ ಇದೆ ಅಂತ ಊರಿಗೆಲ್ಲ ತೋರಿಸಿ, ಆಮೇಲೆ ಮಾರಿತು. ಆ ಧೈರ್ಯ ನನಗೆ ಇಷ್ಟ. ಮ್ಯಾಚ್ ಇಲ್ಲದ ಚಾನೆಲ್‌ಗಳ ಪಾಡು ಅಷ್ಟು ಚೆನ್ನಾಗಿಲ್ಲ. ಆರ್ಸೆನಲ್ ಟಿವಿ 2008ರಲ್ಲಿ ಹುಟ್ಟಿ ಮರುವರ್ಷವೇ ನಿಂತಿತು. ಬಾರ್ಸಿಲೋನಾ ಕೂಡ ಖರ್ಚು ತೂಗಿಸಲಾಗದೆ 2023ರಲ್ಲಿ ತನ್ನ ಚಾನೆಲ್ ಮುಚ್ಚಿತು.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಏಕೆಂದರೆ ಮ್ಯಾಚ್‌ಗಿಂತ ಇದು ನನ್ನನ್ನು ಜಾಸ್ತಿ ಕಾಡುತ್ತದೆ. 2005ರ ಅಕ್ಟೋಬರ್ 29ರಂದು ಯುನೈಟೆಡ್ ತಂಡ ಮಿಡಲ್ಸ್‌ಬರೋ ವಿರುದ್ಧ 4–1ರಿಂದ ಸೋತಿತು. ಎಂಯುಟಿವಿಯಲ್ಲಿ ಆಟಗಾರನೊಬ್ಬ ಕೂತು ಮ್ಯಾಚ್ ವಿಮರ್ಶೆ ಮಾಡುವ ಕಾರ್ಯಕ್ರಮವೊಂದಿತ್ತು. ಆ ವಾರ ಕೂತದ್ದು ನಾಯಕ ರಾಯ್ ಕೀನ್. ಗಾಯದಿಂದ ಆ ಮ್ಯಾಚ್ ಆಡಿರದ ಅವರು, ಸೋತ ರೀತಿ ನೋಡಿ ಹೆಸರು ಹಿಡಿದೇ ಜೊತೆಯವರನ್ನು ತರಾಟೆಗೆ ತೆಗೆದುಕೊಂಡರು. ಆ ಟೇಪ್ ಪ್ರಸಾರವೇ ಆಗಲಿಲ್ಲ. ಮ್ಯಾನೇಜರ್ ಅಲೆಕ್ಸ್ ಫರ್ಗ್ಯೂಸನ್ ಆಟಗಾರರನ್ನು ಕರೆದು ಕೂರಿಸಿ ಅದನ್ನು ಹಾಕಿ ತೋರಿಸಿದರು. ನವೆಂಬರ್ 18ಕ್ಕೆ, ಹನ್ನೆರಡು ವರ್ಷ ಆಡಿದ ಕ್ಲಬ್ಬನ್ನು ಕೀನ್ ಬಿಟ್ಟಾಗಿತ್ತು. ಚಂದಾ ಕಟ್ಟಿದ ಅಭಿಮಾನಿಗೆ ಆ ವಾರ ಎಲ್ಲಕ್ಕಿಂತ ಬೇಕಾಗಿದ್ದ ಕಾರ್ಯಕ್ರಮ ಅದು. ಅದೇ ಸಿಗಲಿಲ್ಲ. ಜಗಳ ಹೊರಬಂದದ್ದು ಪತ್ರಿಕೆಗಳಲ್ಲಿ. ಕ್ಲಬ್ ಚಾನೆಲ್ ಮನೆಯವರು ತೋರಿಸುವ ಆಲ್ಬಮ್ ಇದ್ದ ಹಾಗೆ. ಪ್ರೀತಿಯಿಂದ ನೋಡಬೇಕು, ಸುದ್ದಿ ಅಂತ ನಂಬಬಾರದು. ಈ ಮಾತನ್ನು ಮಗನಿಗೆ ದಯವಿಟ್ಟು ಹೇಳಿ.

ಇನ್ನು ನಮ್ಮ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಕ್ಲಬ್ ಇದು. ಅದು ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲೂ (ಐಎಸ್‌ಎಲ್) ಹಕ್ಕುಗಳನ್ನು ಒಟ್ಟಾಗಿಯೇ ಮಾರುತ್ತಾ ಬಂದಿದ್ದಾರೆ. ಹಾಗಾಗಿ ಕಂಠೀರವದ ಲೀಗ್ ಮ್ಯಾಚ್ ಅಂಥ ಚಾನೆಲ್‌ನಲ್ಲಿ ನೇರವಾಗಿ ಬರುತ್ತದೆ ಅಂತ ಕಾಯಬೇಡಿ. ಆದರೂ ಚಾನೆಲ್ ಬರಲಿ ಅನ್ನುವುದೇ ನನ್ನ ಆಸೆ. ಹಲಸೂರಿನ ಗೌತಮಪುರದಲ್ಲಿ ಬೀದಿಯಲ್ಲೇ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಅಷ್ಟು ಹುಚ್ಚು ಅಲ್ಲಿಯವರಿಗೆ. ಆಸ್ಟಿನ್ ಟೌನ್ ಮೈದಾನದಲ್ಲಿ ಸಂಜೆ ಧೂಳೆಬ್ಬಿಸುವ ಹುಡುಗರ ಮೇಲೆ ವಾರಕ್ಕೊಂದು ಸಲ, ಕನ್ನಡ ಕಾಮೆಂಟರಿ ಜೊತೆಗೆ, ಒಂದು ಕ್ಯಾಮೆರಾ ತಿರುಗಿದರೆ ಅದಕ್ಕೆ ನಾನು ಮೊದಲ ಚಂದಾದಾರ.

ಈಗ ನಿಮ್ಮ ದುಡ್ಡಿನ ಮಾತು. ಹೋದದ್ದು ಹೋಯಿತು, ಸುಮ್ನೆ ಬಿಡಬೇಡಿ, ಬಳಸಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಲೀಗ್ ಶುರುವಾಗುವ ಮೊದಲು ಕ್ಲಬ್‌ಗಳು ಸ್ನೇಹಪಂದ್ಯ ಆಡುತ್ತವೆ. ಅವು ಲೀಗ್ ಒಪ್ಪಂದದ ಹೊರಗಿನವು. ದೊಡ್ಡ ತಂಡದ ಆಟ ಕ್ಲಬ್ ಚಾನೆಲ್‌ನಲ್ಲಿ ನೇರವಾಗಿ ಸಿಗುವುದು ಹೆಚ್ಚಾಗಿ ಆಗಲೇ. ಹುಡುಗರ ತಂಡದ ಮ್ಯಾಚ್ ಯಾವತ್ತು ಅಂತ ಮಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಮುಂದಿನ ಸಲ ವರ್ಷದ್ದು ಬೇಡ, ತಿಂಗಳದ್ದು ಇದ್ದರೆ ಅದನ್ನೇ ಕಟ್ಟಿ, ಅದೂ ಜುಲೈನಲ್ಲಿ.