ಕಳೆದುಹೋದ ಪದಗಳು, ಗುರುತು ಹಿಡಿದ ಪದಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಐವತ್ತಾರರ ಮಹಿಳೆ, ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ಬೆಳಿಗ್ಗೆ ಮೀಟಿಂಗಿನಲ್ಲಿ ಕೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಒಂದೇ ಬಿಲ್ಲನ್ನು ಎರಡು ಸಲ ಪಾಸು ಮಾಡಿದ್ದರು. ತಾಯಿಗೆ ಆಲ್ಝೈಮರ್ ಇತ್ತು. ತನಗೂ ಅದೇ ಶುರುವಾಯಿತೆಂದು ರಾಜೀನಾಮೆ ಪತ್ರ ಬರೆದಿಟ್ಟುಕೊಂಡೇ ಬಂದಿದ್ದರು.

ಎಂಆರ್‌ಐ ನಾರ್ಮಲ್. ನೆನಪು, ಯೋಚನೆ ಅಳೆಯುವ 30 ಅಂಕಗಳ ಕಿರುಪರೀಕ್ಷೆಯಲ್ಲಿ 28. ಚೆನ್ನಾಗಿ ಓದಿಕೊಂಡವರಿಗೆ ಈ ಕಿರುಪರೀಕ್ಷೆ ಸುಲಭ, ಆದ್ದರಿಂದ 28 ಬಂತೆಂದು ನಿಶ್ಚಿಂತರಾಗುವ ಹಾಗಿಲ್ಲ. ಎಂಆರ್‌ಐ ಕೂಡ ಮಿದುಳಿನ ರಚನೆ ತೋರಿಸುತ್ತದೆ, ನೆನಪು ಯಾವ ಹಂತದಲ್ಲಿ ಎಡವುತ್ತಿದೆ ಎಂಬುದನ್ನಲ್ಲ. ನರಮನೋವೈಜ್ಞಾನಿಕ ಪರೀಕ್ಷೆಗೆ (ನೆನಪು, ಗಮನ, ಭಾಷೆ ಮುಂತಾದವನ್ನು ಪ್ರಶ್ನೆ, ಚಟುವಟಿಕೆಗಳಿಂದ ವಿವರವಾಗಿ ಅಳೆಯುವುದು) ಕಳುಹಿಸಿದ್ದು ಅದಕ್ಕೇ.

ಮೊದಲ ಸಲ ಪರೀಕ್ಷೆ ನಡೆಯಲಿಲ್ಲ. ಓದುವ ಕನ್ನಡಕ ಮನೆಯಲ್ಲೇ ಉಳಿದಿತ್ತು; ಹಿಂದಿನ ರಾತ್ರಿ ನುಂಗಿದ್ದ ನಿದ್ದೆ ಬರಿಸುವ ಅಲರ್ಜಿ ಮಾತ್ರೆಯ ಮಂಪರು ಇನ್ನೂ ಇಳಿದಿರಲಿಲ್ಲ. ಹಾಗೇ ಕೂರಿಸಿದ್ದರೆ ಅಂಕ ಕುಸಿಯುತ್ತಿತ್ತು, ಕಾರಣ ಮಾತ್ರ ಬೇರೆಯದೇ ಆಗಿರುತ್ತಿತ್ತು. ಎರಡನೇ ಸಲ, ಮಾತೃಭಾಷೆಯಲ್ಲಿ, ನಡುವೆ ಎರಡು ಬಿಡುವು ಕೊಟ್ಟು ಸುಮಾರು ನಾಲ್ಕು ಗಂಟೆ ನಡೆಯಿತು. ಪತಿಯನ್ನು ಪ್ರತ್ಯೇಕವಾಗಿ ಮಾತಾಡಿಸಲಾಯಿತು. ಜೊತೆಯಲ್ಲಿದ್ದರೆ ಮನೆಯವರೇ ಉತ್ತರ ಹೇಳಿಬಿಡುತ್ತಾರೆ.

ಸುಳಿವು ಸಿಕ್ಕಿದ್ದು ಪದಪಟ್ಟಿಯಲ್ಲಿ. 15 ಪದಗಳನ್ನು ಐದು ಸಲ ಓದಿ, ಪ್ರತಿ ಸಲವೂ ನೆನಪಿದ್ದಷ್ಟು ಹೇಳಿಸುತ್ತಾರೆ. ಇವರು ಹೇಳಿದ್ದು 5, 6, 8, 9, 9. ಅರ್ಧ ಗಂಟೆಯ ಬಳಿಕ ಕೇಳಿದರೆ 6 ಮಾತ್ರ. "ನೋಡಿ, ಹೋಯ್ತು" ಎಂದು ಕಣ್ಣೀರು ಹಾಕಿದರು. ಆಮೇಲೆ ಅವೇ ಪದಗಳನ್ನು ಬೇರೆ ಪದಗಳೊಂದಿಗೆ ಬೆರೆಸಿ ಓದಿದಾಗ 14ನ್ನು ಗುರುತಿಸಿದರು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಹೂಂ ಎಂದದ್ದು ಒಂದೇ ಒಂದು. ಅಂದರೆ ಪದಗಳು ಒಳಗೆ ಇಳಿದಿದ್ದವು, ಬೇಕಾದಾಗ ಈಚೆಗೆ ಬರುತ್ತಿರಲಿಲ್ಲ. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಹೀಗಲ್ಲ: ಹೊಸದು ಉಳಿಯುವುದೇ ಇಲ್ಲ, ಸುಳಿವು ಕೊಟ್ಟರೂ ಹೆಚ್ಚು ಪ್ರಯೋಜನವಾಗದು.

ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಆರರವರೆಗೆ ಹೇಳಿದವರು, ಕೊನೆಯಿಂದ ಮೊದಲಿಗೆ ಹೇಳುವಾಗ ಮೂರಕ್ಕೇ ನಿಂತರು. ವಸ್ತುಗಳ ಹೆಸರು, ಚಿತ್ರ ನಕಲು ಸರಿಯಾಗಿದ್ದವು. 27 ಅಂಕಗಳ ಖಿನ್ನತೆಯ ಪ್ರಶ್ನಾವಳಿಯಲ್ಲಿ 14, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಇವರಿಗೆ ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುತ್ತದೆ ಎಂದದ್ದು ಪತಿ, ಇವರಾಗಿ ಹೇಳಿರಲಿಲ್ಲ.

ನಿದ್ದೆಗೇಡು, ಖಿನ್ನತೆ, ಮಂಪರು ತರುವ ಮಾತ್ರೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಇವೂ ಮರೆವು ತರಬಲ್ಲವು. ಅದಕ್ಕೇ ಕೊಟ್ಟ ಸಲಹೆ: ಮೊದಲು ನಿದ್ರಾ ಪರೀಕ್ಷೆ, ಥೈರಾಯ್ಡ್ ಮತ್ತು ಬಿ12 ರಕ್ತಪರೀಕ್ಷೆ. ಅಲರ್ಜಿ ಮಾತ್ರೆ ಬದಲಿಸುವ ಬಗ್ಗೆ ವೈದ್ಯರೊಂದಿಗೆ ಮಾತು. ಖಿನ್ನತೆಗೆ ಚಿಕಿತ್ಸೆ ಇದರ ಜೊತೆಗೇ, ನಂತರವಲ್ಲ. ಬಿಲ್ಲಿನ ಕೆಲಸ ಬೆಳಿಗ್ಗೆ ಎರಡು ಗಂಟೆ ಕಾಲ, ಫೋನ್ ದೂರ. ಪಾಸಾದ ಬಿಲ್ಲಿಗೆ ತಕ್ಷಣ ಮುದ್ರೆ. ಟಿಪ್ಪಣಿಗೆ ಒಂದೇ ಪುಸ್ತಕ, ಚೀಟಿಗಳು ಬೇಡ. ರಾಜೀನಾಮೆಯ ನಿರ್ಧಾರ ಚಿಕಿತ್ಸೆಯ ಫಲ ಕಂಡ ಮೇಲೆ. "ನಿನ್ನೆ ಏನು ತಿಂದೆ ಹೇಳು ನೋಡೋಣ" ಎಂದು ಪತಿ ದಿನಾ ಪರೀಕ್ಷೆ ಮಾಡುತ್ತಿದ್ದರು. ಅದನ್ನು ಅಂದೇ ನಿಲ್ಲಿಸಲಾಯಿತು.

"ಹಾಗಾದ್ರೆ ನನಗೆ ಆಲ್ಝೈಮರ್ ಮುಂದೆಯೂ ಬರೋದಿಲ್ವಾ?" ಎಂದು ಕೇಳಿದರು. ಆ ಭರವಸೆಯನ್ನು ಈ ಪರೀಕ್ಷೆ ಕೊಡಲಾರದು. ಆದರೆ ಇಂದಿನ ಅಂಕಗಳು ಮುಂದಿನ ಹೋಲಿಕೆಗೆ ಬೇಕು, ವರದಿ ಜೋಪಾನ ಮಾಡಿ ಎಂದೆವು. ಮರುಪರೀಕ್ಷೆ 12 ತಿಂಗಳ ಬಳಿಕ, ಬೇರೆ ಪದಪಟ್ಟಿಯೊಂದಿಗೆ. ಬೇಗ ಮಾಡಿದರೆ ಹಿಂದಿನ ಪರೀಕ್ಷೆಯಿಂದಾದ ಅಭ್ಯಾಸವೇ ಅಂಕ ಏರಿಸಿಬಿಡುತ್ತದೆ.