ವಿನಿಮಯ ಕಾರ್ಡನ್ನು ನಂಬಿ ಕಾದವರು: ಒಂದು ಆಪ್ತಸಲಹೆ ಪ್ರಕರಣ

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೊಂದಿಕೊಂಡಿರುವ ವೃತ್ತಿ ಮಾರ್ಗದರ್ಶನ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಈ ಪ್ರಕರಣ ಹೊಸದಲ್ಲ. ಬರುವವರ ಊರು, ಓದು, ವಯಸ್ಸು ಬೇರೆಬೇರೆಯಾಗಿರುತ್ತವೆ. ಆದರೆ ನೋಂದಣಿ ಕಾರ್ಡನ್ನು ಮೂರು ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸಿಕೊಂಡರೆ, ಸೀನಿಯಾರಿಟಿ, ಅಂದರೆ ನೋಂದಣಿಯ ಸರದಿ, ಬಂದ ದಿನ ಸರ್ಕಾರಿ ಕೆಲಸದ ಕರೆಪತ್ರ ಮನೆ ಬಾಗಿಲಿಗೆ ಬರುತ್ತದೆಂಬ ನಂಬಿಕೆ ಎಲ್ಲರಲ್ಲೂ ಒಂದೇ. ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಬಂದವರು ಮೂವತ್ತೊಂದು ವರ್ಷದ ಯುವಕ, ಐಟಿಐ ಫಿಟ್ಟರ್. ಜೊತೆಗೆ ತಂದೆ ಇದ್ದರು. ಎಂಬತ್ತರ ದಶಕದಲ್ಲಿ ವಿನಿಮಯ ಕಚೇರಿಯಿಂದ ಬಂದ ಪತ್ರ ಹಿಡಿದುಕೊಂಡೇ ಸಂದರ್ಶನಕ್ಕೆ ಹೋಗಿ, ಜವಾನರಾಗಿ ಸೇರಿ, ಅದೇ ಇಲಾಖೆಯಲ್ಲಿ ನಿವೃತ್ತರಾದವರು ಅವರು. ಮಗನ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡಿದ್ದವರೂ ಅವರೇ. ಖಾಸಗಿ ಕೆಲಸಕ್ಕೆ ಸೇರಿದರೆ ನೋಂದಣಿ ರದ್ದಾಗಿ ಸೀನಿಯಾರಿಟಿ ಹೋಗುತ್ತದೆಂಬ ಭಯದಿಂದ, ಬಂದ ಎರಡು ಮೂರು ಅವಕಾಶಗಳನ್ನು ಮಗ ಬಿಟ್ಟುಕೊಟ್ಟಿದ್ದರು.

ತಂದೆಯ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ, ಅವರ ಕಾಲಕ್ಕೆ ಅದು ನಿಜವೇ ಆಗಿತ್ತು. ಆದರೆ ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸಬೇಕೆಂದು ಹೇಳಿದ 1959ರ ಕಾಯ್ದೆಯೂ, ಕಚೇರಿ ಕಳಿಸಿದವರನ್ನೇ ನೇಮಿಸಿಕೊಳ್ಳಬೇಕೆಂದು ಎಂದೂ ಹೇಳಿರಲಿಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಯ್ಕೆಯು ವಿನಿಮಯ ಕಚೇರಿಯ ಪಟ್ಟಿಗೆ ಸೀಮಿತವಾಗಬಾರದು, ಪತ್ರಿಕೆಗಳಲ್ಲಿಯೂ ಪ್ರಕಟಣೆ ಕೊಟ್ಟು ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದು ಹೇಳಿತು. ಆಮೇಲೆ ಸರದಿಗೆ ಹಿಂದಿನ ಅರ್ಥ ಉಳಿಯಲಿಲ್ಲ. ಇಷ್ಟು ವರ್ಷ ಕಳೆದರೂ ಇದನ್ನು ನವೀಕರಣದ ಕಿಟಕಿಯಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ.

ಮೊದಲ ಭೇಟಿಯಲ್ಲಿ ತಂದೆಯೇ ಮಾತಾಡಿದರು. ಎರಡನೆಯ ಸಲ ಮಗನಿಗೆ ಒಂದೇ ಪ್ರಶ್ನೆ ಕೇಳಿದೆ: "ಹೋದ ವಾರ ಏನು ಮಾಡಿದಿರಿ?" "ಏನಿಲ್ಲ ಮೇಡಂ, ಖಾಲಿ ಇದ್ದೇನೆ. ಸುಮ್ಮನೆ ಮಾವನ ಅಂಗಡಿಗೆ ಹೋಗಿಬರುತ್ತೇನೆ" ಎಂದರು. ಮಾವನದು ಬೋರ್‌ವೆಲ್ ಪಂಪ್ ರಿಪೇರಿಯ ಅಂಗಡಿ. ಅಲ್ಲಿ ಏನು ಕೆಲಸವೆಂದು ಬಿಡದೆ ಕೇಳಿದಾಗ, ಆ ವಾರ ಬಿಚ್ಚಿದ ಒಂದು ಸಬ್‌ಮರ್ಸಿಬಲ್ ಪಂಪಿನ ಕಥೆ ಹೇಳಿದರು. ಶಾಫ್ಟನ್ನು ಹಿಡಿದಿಡುವ ಬುಷ್ ಸವೆದು ಶಾಫ್ಟ್ ಆಡುತ್ತಿತ್ತು, ನೀರು ತಳ್ಳುವ ಇಂಪೆಲ್ಲರ್ ಉಜ್ಜುತ್ತಿತ್ತು, ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತಿತ್ತು. ರೈತ ವೈಂಡಿಂಗ್ ಸುಟ್ಟಿದೆಯೆಂದು ತಿಳಿದು ತಂದಿದ್ದ, ಇವರು ಬುಷ್ ಬದಲಿಸಿ ಅವನ ರೀವೈಂಡಿಂಗ್ ಖರ್ಚು ಉಳಿಸಿದ್ದರು. ಅಲ್ಲಿಯವರೆಗೆ ತಲೆ ತಗ್ಗಿಸಿಯೇ ಕುಳಿತಿದ್ದವರು ಶಾಫ್ಟ್ ಎಷ್ಟು ಆಡುತ್ತಿತ್ತೆಂಬುದನ್ನು ಎರಡು ಬೆರಳುಗಳ ನಡುವೆ ತೋರಿಸಿದರು. ಆರು ವರ್ಷಗಳಿಂದ ಮಾಡುತ್ತಿದ್ದ ಈ ಕೆಲಸದ ಬಗ್ಗೆ ಅವರ ಬಯೋಡೇಟಾದಲ್ಲಿ ಒಂದು ಸಾಲೂ ಇರಲಿಲ್ಲ. ಅನುಭವ ಎಂಬಲ್ಲಿ 'ಇಲ್ಲ' ಎಂದಿತ್ತು.

ಆಗ ಅವರು ತಂದೆಯ ಕಡೆ ನೋಡದೆ ಹೇಳಿದರು: "ಕಾರ್ಡು ಹಳೆಯದಾದಷ್ಟೂ ಬೆಲೆ ಹೆಚ್ಚು ಅಂತ ಅಪ್ಪಾಜಿ ಹೇಳುತ್ತಾರೆ. ಕಾರ್ಡಿನ ಜೊತೆ ನನಗೂ ವಯಸ್ಸಾಯಿತಲ್ಲ ಮೇಡಂ."

ಆ ಮಾತಿನ ನಂತರ ಸುತ್ತಿ ಬಳಸಿ ಹೇಳುವುದು ಸರಿಯಲ್ಲ ಎನಿಸಿತು. ಕರೆಪತ್ರ ಬರುವುದಿಲ್ಲವೆಂದು ತಂದೆಯ ಎದುರಿನಲ್ಲೇ ಹೇಳಿದೆ. ಸರ್ಕಾರಿ ನೌಕರಿಯ ಆಸೆ ಬಿಡಬೇಕಿಲ್ಲ. ರಾಜ್ಯದ ನೇಮಕಾತಿಗಳಲ್ಲಿ ಗರಿಷ್ಠ ವಯೋಮಿತಿ ಆಗ ಸಾಮಾನ್ಯವಾಗಿ 35, ಇತರೆ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40 ಇತ್ತು. ಅಧಿಸೂಚನೆ ಹೊರಟಾಗ ತಾವೇ ಅರ್ಜಿ ಹಾಕಿ ಪರೀಕ್ಷೆ ಬರೆಯಬೇಕು, ಅಷ್ಟೆ. ಖಾಸಗಿ ಕೆಲಸದಲ್ಲಿದ್ದುಕೊಂಡೂ ಅದನ್ನು ಮಾಡಬಹುದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್‌ನಲ್ಲಿ ಕೆಲಸದಲ್ಲಿರುವವರೂ ಹೆಸರು ನೋಂದಾಯಿಸಿಕೊಳ್ಳುತ್ತಾರೆ.

ಅಪ್ರೆಂಟಿಸ್ ಆಗಲು ನಾನು ಹೇಳಲಿಲ್ಲ. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್‌ಶಿಪ್ ನಿಯಮಗಳ 2019ರ ತಿದ್ದುಪಡಿಯಲ್ಲಿ ನಿಗದಿಯಾದ ಕನಿಷ್ಠ ಶಿಷ್ಯವೇತನ ತಿಂಗಳಿಗೆ 7,000 ರೂಪಾಯಿ; ಇಪ್ಪತ್ತರ ಹುಡುಗನಿಗೆ ಅದು ಒಳ್ಳೆಯ ದಾರಿ, ಆರು ವರ್ಷ ಕೈಪಳಗಿದವನನ್ನು ಮತ್ತೆ ಕಲಿಕೆಯವನೆಂದು ಕೂರಿಸುವುದು ಅನ್ಯಾಯ. ಮಾವನಿಂದ ಅನುಭವದ ಪತ್ರ ಬರೆಸಿಕೊಳ್ಳಿ, ಬಯೋಡೇಟಾದಲ್ಲಿ ಪಂಪ್, ಮೋಟರ್, ಬೇರಿಂಗ್ ಕೆಲಸವನ್ನು ಹೆಸರಿಟ್ಟು ಬರೆಯಿರಿ, ನಿರ್ವಹಣಾ ವಿಭಾಗದ ಫಿಟ್ಟರ್ ಹುದ್ದೆಗೆ ನೇರವಾಗಿ ಹೋಗಿ ಎಂದೆ. ನೇಮಕಾತಿ ಪತ್ರ, ಪಿಎಫ್, ಇಎಸ್‌ಐ ಕೇಳದೆ ಸೇರಬೇಡಿ ಎಂದೂ ಹೇಳಿದೆ.

ತಂದೆಯ ಎದುರು ಅಷ್ಟು ನೇರವಾಗಿ ಹೇಳಬಾರದಿತ್ತು, ಹಿರಿಯರ ಮನಸ್ಸು ನೋಯಿಸಿದಂತಾಯಿತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನೋವಾದದ್ದು ನಿಜ, ಅವರು ಕಾರ್ಡನ್ನು ಕವರಿಗೆ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಮಗನಿಗೆ ಮಾತ್ರ ಗುಟ್ಟಾಗಿ ಹೇಳಿದ್ದರೆ, ಆ ಮಾತನ್ನು ಮನೆಯಲ್ಲಿ ತಂದೆಗೆ ತಿಳಿಸುವ ಹೊರೆ ಮಗನ ಮೇಲೆ ಬೀಳುತ್ತಿತ್ತು, ಅವರು ಹೇಳುತ್ತಲೂ ಇರಲಿಲ್ಲ. ಜನರ ತೆರಿಗೆಯಿಂದ ನಡೆಯುವ ಕಚೇರಿ ತನ್ನಿಂದ ಆಗದ್ದನ್ನು ಆಗದು ಎನ್ನುವುದೂ ಅದು ಕೊಡಬೇಕಾದ ಸೇವೆಯೇ ಎಂದು ನಾನು ನಂಬಿದ್ದೇನೆ. ಇದೇ ಜಿಲ್ಲೆಯ ಕೈಗಾರಿಕಾ ಪ್ರದೇಶದ ಮಾಲೀಕರು ಉದ್ಯೋಗ ಮೇಳಕ್ಕೆ ಬಂದಾಗಲೆಲ್ಲ, ಯಂತ್ರ ಬಿಚ್ಚಿ ಜೋಡಿಸಬಲ್ಲ ಫಿಟ್ಟರ್ ಸಿಗುತ್ತಿಲ್ಲವೆಂದು ದೂರುತ್ತಾರೆ. ಅಂಥವನೊಬ್ಬ ನಮ್ಮ ಪಟ್ಟಿಯಲ್ಲಿ ವರ್ಷಗಟ್ಟಲೆ 'ಅನುಭವ ಇಲ್ಲ' ಎಂಬ ಸಾಲಿನಲ್ಲಿ ಕುಳಿತಿದ್ದ.

ಯುವಕ ಈಗ ಒಂದು ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿದ್ದಾರೆ. ನವೀಕರಣಕ್ಕೆ ಬರುವ ಪ್ರತಿಯೊಬ್ಬರಿಗೂ ಅರ್ಜಿಗೆ ಸಹಿ ಹಾಕುವ ಮೊದಲು ಹೋದ ವಾರ ಏನು ಮಾಡಿದಿರಿ ಎಂದು ಕೇಳಿ, ಉತ್ತರವನ್ನು ಅನುಭವದ ಕಾಲಮ್ಮಿನಲ್ಲಿ ಬರೆಯಬೇಕೆಂದು ನಮ್ಮ ಕಿಟಕಿಯ ಸಿಬ್ಬಂದಿಗೆ ಹೇಳಿದ್ದೇನೆ.